ಜ್ವರಕ್ಕೆ ಕೂತ ಗಡ್ಡೆ

ನಮ್ಮಕ್ಕ ಯಾರ ಮಾತನ್ನೂ ಕೇಳುವವಳಲ್ಲ. ಫೋನಿನೊಳಗಿನ ಆ ಪ್ರವಚನದವನ ಮಾತನ್ನು ಮಾತ್ರ ಯಾಕೆ ಕೇಳಿದಳೋ, ನೆನೆಸಿಕೊಂಡರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ. ದೇವನಹಳ್ಳಿ ಹತ್ತಿರದ ವಿಜಯಪುರದ ಪಕ್ಕದ ಊರಿನಲ್ಲಿ ನಾವು ಅಕ್ಕತಂಗಿ ಇಬ್ಬರೂ ಸೇರಿ ರೇಷ್ಮೆಹುಳು ಸಾಕುತ್ತಿದ್ದೆವು. ಅವಳ ಗಂಡ ತೀರಿಹೋಗಿದ್ದರು, ನಾನು ಮದುವೆಯಾಗಿರಲಿಲ್ಲ. ಸೊಪ್ಪು ಹೆಚ್ಚಲು ಕೂತರೆ ಆ ಮನುಷ್ಯನ ದನಿಯೇ ಹುಳುಮನೆಯ ತುಂಬ. ಪ್ರಜ್ಞೆಯೇ ಜಗತ್ತನ್ನು ಹುಟ್ಟಿಸುತ್ತದೆಯಂತೆ. ನೋಡುವ ಮನಸ್ಸಿಲ್ಲದಿದ್ದರೆ ಬೆಟ್ಟವಿಲ್ಲ, ಸೂರ್ಯನಿಲ್ಲ, ಏನೂ ಇಲ್ಲವಂತೆ.

"ಹಂಗಾದ್ರೆ ನೀನು ನಿದ್ದೆ ಮಾಡ್ದಾಗ ದೇವನಹಳ್ಳೀಲಿ ವಿಮಾನ ಇಳಿಯೋದು ನಿಂತೋಯ್ತದಾ?" ಎಂದು ರೇಗಿಸುತ್ತಿದ್ದೆ.

"ನಿಂಗೆ ಕೇಳಿಸ್ತಿರ್ತದಲ್ಲ, ಅದಕ್ಕೇ ಇಳೀತವೆ," ಎನ್ನುತ್ತಿದ್ದಳು. ಇಬ್ಬರೂ ನಗುತ್ತಿದ್ದೆವು.

ಯುಗಾದಿಯ ದಿನ ಅವಳಿಗೆ ಎಣ್ಣೆ ಹಚ್ಚಿ ನೀರು ಹುಯ್ಯುವಾಗ, ಎಡ ಎದೆಯ ಪಕ್ಕ, ಕಂಕುಳ ಹತ್ತಿರ, ಬೆರಳಿಗೆ ಗಟ್ಟಿಯಾಗಿ ಏನೋ ಸಿಕ್ಕಿತು. ನನ್ನ ಕೈ ಅಲ್ಲೇ ನಿಂತಿತು. ಅಕ್ಕ ಅದನ್ನು ಹಿಡಿದು ಮೆಲ್ಲಗೆ ಪಕ್ಕಕ್ಕಿಟ್ಟಳು. ಅವಳಿಗೆ ಮೊದಲೇ ಗೊತ್ತಿತ್ತು.

"ನಾಳೇನೇ ಆಸ್ಪತ್ರೆಗೆ ಹೋಗಣ," ಎಂದೆ.

"ಜ್ವರಕ್ಕೆ ಕೂತಿರೋ ಹುಳಾನ ಯಾರಾದ್ರೂ ಕೆದಕ್ತಾರೇನೇ? ಅದರ ಪಾಡಿಗೆ ಅದು ಎದ್ದೋಗ್ತದೆ ಬಿಡು."

ಪೊರೆ ಬಿಡುವ ಮುಂಚೆ ಹುಳು ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ. ಅದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಸೊಪ್ಪು ಹಾಕುವುದಿಲ್ಲ, ಮುಟ್ಟುವುದಿಲ್ಲ. ನಮ್ಮ ಮನೆಯಲ್ಲಂತೂ ಬಾಗಿಲು ತೆಗೆದು ಇಣುಕುವಂತೆಯೂ ಇರಲಿಲ್ಲ. ರೋಗದ ಹೆಸರನ್ನು ಹುಳುಮನೆಯೊಳಗೆ ಎತ್ತುವ ಹಾಗೇ ಇಲ್ಲ. ಎತ್ತಿದರೆ ಬಂದೇಬಿಡುತ್ತದೆ ಎಂಬ ಭಯ. ಅಮ್ಮನ ಕಾಲದ ಈ ಕಟ್ಟಳೆಗೆ ಫೋನಿನವನ ಮಾತು ಚೆನ್ನಾಗಿ ಅಂಟಿಕೊಂಡಿತು. ನೋಡದಿದ್ದರೆ ಗಡ್ಡೆಯೇ ಇಲ್ಲ, ಹೆಸರಿಟ್ಟರೆ ಅದೇ ಆಗಿಬಿಡುತ್ತದೆ. ಅಕ್ಕ ಮನೆಯ ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿದಳು.

ನಾನು ಬೈದೆ, ಕಾಲು ಹಿಡಿದೆ, ಊಟ ಬಿಟ್ಟೆ. ಸೂಲಿಬೆಲೆಯಿಂದ ಸೋದರಮಾವನನ್ನು ಕರೆಸಿ ಹೇಳಿಸಿದೆ. ಅವಳು ಮಾವನಿಗೆ ಕಾಫಿ ಕೊಟ್ಟು, ಬಸ್ಸು ಹತ್ತಿಸಿ ಬಂದಳು. ಬಂದವಳು ನನ್ನೆದುರು ನಿಂತಳು.

"ನೀನು ಹೆದರ್ಕೊಂಡು ಹೆದರ್ಕೊಂಡು ನೋಡ್ತೀಯಲ್ಲ, ಅದಕ್ಕೇ ಇದು ದಪ್ಪ ಆಗ್ತಿರೋದು," ಎಂದಳು. ದನಿಯಲ್ಲಿ ಸಿಟ್ಟೇ ಇರಲಿಲ್ಲ.

ಆವತ್ತಿನಿಂದ ನನಗೆ ನನ್ನ ಮನಸ್ಸನ್ನು ಕಂಡರೇ ದಿಗಿಲು. ವಿಮಾನದ ಮಾತಾಡಿ ನಕ್ಕಿದ್ದವಳು ನಾನೇ. ಈಗ ಅವಳ ಎಡಗಡೆಗೆ ಕಣ್ಣು ಹೋದರೆ ಥಟ್ಟನೆ ನೆಲ ನೋಡುತ್ತಿದ್ದೆ. ಗಡ್ಡೆ ಎಂಬ ಮಾತು ತಲೆಗೆ ಬಂದರೆ ಹುಳುವಿನ ತಟ್ಟೆ ತೊಳೆಯಲು ಓಡುತ್ತಿದ್ದೆ. ಅವಳ ಎಡಗೈ ಊದತೊಡಗಿತು. ಸೊಪ್ಪಿನ ಹೊರೆಯನ್ನು ಬಲಗೈಯಲ್ಲೇ ಎಳೆದು ತರುತ್ತಿದ್ದಳು. ನಾನು ಅವಳ ಬಲಗಡೆಗೇ ನಡೆಯುತ್ತಿದ್ದೆ.

ಒಂದು ಬೆಳಿಗ್ಗೆ ಅವಳ ರವಿಕೆ ಒದ್ದೆಯಾಗಿತ್ತು, ಅಡುಗೆಮನೆಯವರೆಗೂ ವಾಸನೆ ಬಂತು. ವಾಸನೆಗೆ ಕಣ್ಣು ಮುಚ್ಚಿಕೊಂಡು ಏನು ಪ್ರಯೋಜನ? ಆಟೊ ಕರೆಸಿ, ಅವಳ ಬಲಗೈ ಹಿಡಿದು ದರದರ ಎಳೆದುಕೊಂಡು ಹೋದೆ. ಡಾಕ್ಟರಮ್ಮ ಅವಳನ್ನು ನೋಡಿ, ಸ್ಕ್ಯಾನು ಮಾಡಿಸಿ, ನನ್ನೊಬ್ಬಳನ್ನೇ ಹೊರಗೆ ಕರೆದರು. ಎಲುಬಿಗೆ ಇಳಿದಿದೆ, ಇನ್ನು ನೋವು ಕಡಿಮೆ ಮಾಡಬಹುದು ಅಷ್ಟೇ, ಎಂದರು.

ಆಮೇಲೆ ಅವಳು ಫೋನು ಮುಟ್ಟಲಿಲ್ಲ. ಒಂದು ಮಧ್ಯಾಹ್ನ ನೀರು ಕುಡಿದು ಲೋಟ ವಾಪಸು ಕೊಡುತ್ತಾ ಕೇಳಿದಳು: "ನಾನು ಹೋದ್ಮೇಲೂ ಇದೆಲ್ಲ ಇರ್ತದಾ?"

ಇರುವುದಿಲ್ಲ ಎಂದು ಹೇಳಿಬಿಡಬಹುದಿತ್ತು. ಬಾಯಿಗೆ ಬರಲಿಲ್ಲ. "ಇರ್ತದಕ್ಕ," ಎಂದೆ.

"ನೀನು?"

"ನಾನೂ ಇರ್ತೀನಿ."

ಅವಳು ನನ್ನ ಮುಖ ನೋಡಿದಳು.

"ಮತ್ತೆ ಯುಗಾದಿ ದಿನಾನೇ ನನ್ನ ಎಳ್ಕೊಂಡು ಹೋಗ್ಬಾರ್ದಿತ್ತೇನೇ," ಎಂದಳು.