ನೀರಿನ ಮೇಲಿನ ಸವತಿ

ಮಣ್ಣಿನದ್ದಾದರೂ ಸವತಿ ಸವತಿಯೇ ಎಂದು ನನ್ನಜ್ಜಿ ಹೇಳುತ್ತಿದ್ದರು. ನನಗೆ ಸಿಕ್ಕವಳು ಕಾಗದದವಳು. ಅಂಗೈಯಗಲದ ಕಪ್ಪು-ಬಿಳುಪು ಫೋಟೋದೊಳಗೆ, ನೀರಿನಲ್ಲಿ ತೇಲುವ ವಿಮಾನವೊಂದರ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಒಂದು ಚಳಿಗಾಲ ಪೂರ್ತಿ ನಾನು ಅವಳ ಮೇಲೆ ಉರಿದುಕೊಂಡೇ ಬದುಕಿದೆ.

ನನ್ನ ಗಂಡನಿಗೆ ಬ್ಯಾಂಕಿನಲ್ಲಿ ಕೆಲಸ. ಕರಾವಳಿಯ ನಮ್ಮ ಕಡೆ ಆಗೆಲ್ಲ ಹೆಣ್ಣಿನ ಕಡೆಯವರು ಮೊದಲು ಕೇಳುತ್ತಿದ್ದುದೇ ಹುಡುಗ ಯಾವ ಬ್ಯಾಂಕಿನಲ್ಲಿದ್ದಾನೆ ಎಂದು. ಇವರಿಗೆ ಕಲ್ಕತ್ತೆಗೆ ವರ್ಗವಾದಾಗ ಅಲ್ಲಿ ಗೋಡೆಗೋಡೆಯ ಮೇಲೂ ಕುಡುಗೋಲು-ಸುತ್ತಿಗೆ, ಸಂಜೆಯಾಯಿತೆಂದರೆ ಲೋಡ್‌ಶೆಡ್ಡಿಂಗ್. ಶಾಖೆ ಇದ್ದದ್ದು ಪಾರ್ಕ್ ಸ್ಟ್ರೀಟಿನ ಹತ್ತಿರ. ಮನೆ ಸಿಕ್ಕಿದ್ದು ಮಾತ್ರ ಬಾರಾನಗರದಲ್ಲಿ, ಗಂಗೆಯ ಸ್ನಾನದ ಘಾಟಿಗೆ ಇಳಿಯುವ ಒಂದು ಓಣಿಯಲ್ಲಿ. ಇವರು ಎರಡು ಬಸ್ಸು ಬದಲಾಯಿಸಿ ಹೋಗಿ ಬರುತ್ತಿದ್ದರು, ನಾನು ಮಹಡಿಯ ಮೇಲೆ ಕೂತು ನದಿ ನೋಡುತ್ತಿದ್ದೆ.

ಕೆಳಗಿನ ಮನೆಯಲ್ಲಿ ಮನೆಯ ಯಜಮಾನರಿದ್ದರು. ವಯಸ್ಸಾದ ಬಂಗಾಳಿ. ನಮ್ಮ ಮಗಳು ಅವರನ್ನು ದಾದು, ಅಂದರೆ ಅಜ್ಜ ಎಂದು ಕರೆಯಲು ಕಲಿತಳು, ನಾವೂ ಹಾಗೆಯೇ ಕರೆದೆವು. ದಾದುವಿನ ಅಣ್ಣ ಹಿಂದಿನ ಕಾಲದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರಂತೆ. ಬ್ರಿಟಿಷರ ಕಾಲದಲ್ಲಿ ದಮ್‌ದಮ್‌ನ ಮೈದಾನದಲ್ಲಿ ಹುಡುಗರಿಗೆ ವಿಮಾನ ಹಾರಿಸಲು ಕಲಿಸುತ್ತಿದ್ದಾಗ ಅವರೇ ಹೋಗಿ ಫೋಟೋ ತೆಗೆಯುತ್ತಿದ್ದರಂತೆ. ಅಣ್ಣ ತೀರಿಕೊಂಡ ಮೇಲೆ ಆ ಫೋಟೋಗಳು ತಗಡಿನ ಪೆಟ್ಟಿಗೆಯಲ್ಲಿ ಕೂತಿದ್ದವು. ನಮ್ಮ ಓಣಿಯ ಕ್ಲಬ್ಬಿನ ಹುಡುಗರು ಚಳಿಗಾಲದಲ್ಲಿ ಅವುಗಳದ್ದೊಂದು ಪ್ರದರ್ಶನ ಮಾಡುತ್ತೇವೆ ಎಂದಾಗ ದಾದುವಿನ ಕಣ್ಣಿಗೆ ಪೊರೆ ಬಂದಾಗಿತ್ತು. ಪೆಟ್ಟಿಗೆ ಮೇಲಕ್ಕೆ, ಇವರ ಕೈಗೆ ಬಂತು. ವಿಂಗಡಿಸಿ, ಪ್ರತಿಯೊಂದರ ಕೆಳಗೆ ಇಂಗ್ಲಿಷಿನಲ್ಲಿ ಒಂದೆರಡು ಸಾಲು ಬರೆದುಕೊಡಬೇಕಿತ್ತು.

ಮೊದಮೊದಲು ನನಗೂ ಖುಷಿಯೇ ಆಯಿತು. ಎರಡಂತಸ್ತಿನ ರೆಕ್ಕೆಯ ವಿಮಾನಗಳು, ಅವುಗಳ ಬಾಲ ಎತ್ತಿ ಹಿಡಿದು ನೂಕುವ ಚಡ್ಡಿ ತೊಟ್ಟ ಕಲಿಯುವವರು, ಬಯಲಲ್ಲೇ ಕಪ್ಪು ಹಲಗೆ ನಿಲ್ಲಿಸಿ ಗಾಳಿಯ ಪಾಠ ಮಾಡುವ ದೊರೆ. ಒಂದರಲ್ಲಿ ವಿಮಾನ ಮೂಗು ಮಣ್ಣಿಗೆ ಹೂತು ನಿಂತಿದೆ, ಅದರ ಮುಂದೆ ಎಲ್ಲರೂ ಮದುವೆಯ ಗ್ರೂಪ್ ಫೋಟೋಕ್ಕೆ ನಿಂತ ಹಾಗೆ ಸಾಲಾಗಿ ನಿಂತು ನಗುತ್ತಿದ್ದಾರೆ. ಇನ್ನೊಂದು ಕಟ್ಟಿನಲ್ಲಿ ಇದ್ದದ್ದು ನಮ್ಮದೇ ನದಿ. ಚಕ್ರದ ಜಾಗದಲ್ಲಿ ದೋಣಿಯಂಥ ಎರಡು ಕಾಲು ಇದ್ದ ವಿಮಾನವೊಂದನ್ನು ಯಾರೋ ತಂದು, ಒಂದು ಋತು ಇಲ್ಲಿ ನೀರಿನ ಮೇಲೆ ಕಲಿಸಿದ್ದರಂತೆ. ಅವಳಿದ್ದದ್ದು ಆ ಕಟ್ಟಿನಲ್ಲಿ.

ಸೀರೆ ಉಟ್ಟಿದ್ದಳು. ಒಂದು ಕೈ ರೆಕ್ಕೆಯ ಕಂಬಿಯ ಮೇಲೆ, ಇನ್ನೊಂದು ಕೈಯ ಬೆರಳ ತುದಿಯಲ್ಲಿ ನಿರಿಗೆ. ಪೈಲಟ್‌ಗಳ ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿಕೊಂಡು, ತಲೆ ಓರೆ ಮಾಡಿ, ನಗುವುದೋ ಬೇಡವೋ ಎನ್ನುವಂತೆ ನೋಡುತ್ತಿದ್ದಳು. ಇವರು ಉಳಿದ ಫೋಟೋಗಳನ್ನೆಲ್ಲ ಲಕೋಟೆಗೆ ಹಾಕಿದರು, ಅದನ್ನು ಮಾತ್ರ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡರು.

ಭಾನುವಾರ ಅದೇ. ಬಂದ್ ದಿನ ಬಸ್ಸಿಲ್ಲ, ಬ್ಯಾಂಕಿಲ್ಲ, ಆಗಲೂ ಅದೇ. ಕರೆಂಟು ಹೋದರೆ ಲಾಟೀನನ್ನು ಹತ್ತಿರ ಎಳೆದುಕೊಂಡು ಅದೇ. ಊಟಕ್ಕೆ ಕೂತರೆ ಸಾರಿನಲ್ಲಿ ಉಪ್ಪಿದೆಯೋ ಇಲ್ಲವೋ ಎನ್ನುವುದು ತಿಳಿಯದ ಮನುಷ್ಯ, ನೀರಿನ ಮೇಲಿನ ವಿಮಾನಕ್ಕೆ ಬ್ರೇಕ್ ಇರುವುದಿಲ್ಲ ಎಂದು ಹೇಳುತ್ತಿದ್ದರು. ಅಲೆ ಇದ್ದರೆ ಭಯ ಎಂದು ನಾವು ತಿಳಿಯುತ್ತೇವೆ, ಆದರೆ ನೀರು ಕನ್ನಡಿಯ ಹಾಗೆ ಸುಮ್ಮನೆ ನಿಂತಿದ್ದರೇ ಹೆಚ್ಚು ಅಪಾಯವಂತೆ, ಎಷ್ಟು ಎತ್ತರದಲ್ಲಿದ್ದೇವೆ ಎಂಬುದೇ ಇಳಿಸುವವನಿಗೆ ಗೊತ್ತಾಗುವುದಿಲ್ಲವಂತೆ. ಮದುವೆಯಾದ ಮೇಲೆ ಇವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅದು ಅವಳಿಂದಾಗಿ ಬಂದ ಮಾತು ಎಂದುಕೊಂಡು ಪಾತ್ರೆಗಳನ್ನು ಕುಕ್ಕಿ ಇಡುತ್ತಿದ್ದೆ.

ಒಮ್ಮೆ ಕೇಳಿಯೇ ಬಿಟ್ಟೆ, "ಅವಳಲ್ಲಿ ಎಂತ ಉಂಟು ಅಂತ ಅಷ್ಟು ನೋಡುದು ನೀವು?"

"ಯಾರಲ್ಲಿ?" ಎಂದರು ಇವರು, ತಲೆ ಎತ್ತದೆ.

ಯಾರಲ್ಲಿ ಎಂದು ಬೇರೆ ಕೇಳಬೇಕೆ? ಹಿತ್ತಲ ಗಿಡ ಮದ್ದಲ್ಲ. ನಾನು ಒಳಗೆ ಹೋಗಿ ಕನ್ನಡಿಯ ಮುಂದೆ ನಿಂತು ತಲೆ ಓರೆ ಮಾಡಿ ನೋಡಿಕೊಂಡೆ. ಕುತ್ತಿಗೆ ಉಳುಕಿದವಳ ಹಾಗೆ ಕಂಡೆ. ಬೆರಳ ತುದಿಯಲ್ಲಿ ನಿರಿಗೆ ಹಿಡಿದು ಅಡಿಗೆ ಮನೆಯವರೆಗೆ ನಡೆದೆ. ಮಗಳು ಬಾಗಿಲಲ್ಲಿ ನಿಂತು, ಅಮ್ಮಾ, ವಾಟ್ ಹ್ಯಾಪನ್ಡ್ ಎಂದು ಕೇಳಿದಳು.

ಇದರಲ್ಲಿ ನನ್ನ ಮಾನ ಹೋಗುವ ವಿಷಯ ಬೇರೆಯೇ ಇತ್ತು. ನನ್ನಪ್ಪ ಶಾಲೆಯ ಮಾಸ್ತರರು, ಹವ್ಯಾಸಕ್ಕೆ ಯಕ್ಷಗಾನದ ಸ್ತ್ರೀವೇಷ. ಬಣ್ಣ ಹಚ್ಚುವ ಚೌಕಿಯಲ್ಲೇ ನಾನು ಬೆಳೆದದ್ದು. ಗಂಡಸು ಹೆಣ್ಣಾಗುವುದನ್ನು ಪ್ರತಿ ಹೆಜ್ಜೆಯಲ್ಲೂ ನೋಡಿದವಳು. ಕಲ್ಕತ್ತೆಯ ನಮ್ಮ ಕನ್ನಡದವರು ವರ್ಷಕ್ಕೊಂದು ಯಕ್ಷಗಾನದ ಆಟ ಆಡುತ್ತಿದ್ದರು, ಬ್ಯಾಂಕಿನವರೂ ರೈಲ್ವೆಯವರೂ ಸೇರಿ. ಅವರಲ್ಲಿ ಸುಭದ್ರೆಗೋ ದಮಯಂತಿಗೋ ಸೀರೆ ಉಡಿಸಿ, ಮೊಣಕೈ ಎಲ್ಲಿಡಬೇಕೆಂದು ಹೇಳಿಕೊಡುವುದು ನನ್ನ ಪಾಲಿನ ಕೆಲಸ. ಹೆಣ್ಣಿನ ಚಂದ ಎಂದರೇನು ಎಂದು ಊರಿಗೆಲ್ಲ ಕಲಿಸುವ ನಾನು, ಮನೆಯಲ್ಲಿ ಒಂದು ಫೋಟೋಗೆ ಸೋತು ಕೂತಿದ್ದೆ.

ಪ್ರದರ್ಶನಕ್ಕೆಂದು ಆಯ್ದ ಕೆಲವನ್ನು ದೊಡ್ಡದು ಮಾಡಿಸಿದರು. ಅವಳನ್ನಂತೂ ಬಾಗಿಲಷ್ಟು ದೊಡ್ಡದು ಮಾಡಿಸಿದರು. ನಾನು ಹೋಗಬಾರದು ಎಂದುಕೊಂಡಿದ್ದೆ, ಆಮೇಲೆ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋದೆ. ಕ್ಲಬ್ಬಿನ ಕೋಣೆಯಲ್ಲಿ ಓಣಿಯ ಜನವೆಲ್ಲ ಮಫ್ಲರ್ ಸುತ್ತಿಕೊಂಡು ಚಾ ಕುಡಿಯುತ್ತಾ ನಿಂತಿದ್ದರು. ಎದುರು ಗೋಡೆಯಲ್ಲಿ ಅವಳು. ಬರಲಿ, ಮುಖಕ್ಕೆ ಮುಖ ಕೊಟ್ಟೇ ನೋಡುತ್ತೇನೆ ಎಂದು ಹತ್ತಿರ ಹೋದೆ.

ಮೊದಲು ಕಂಡದ್ದು ಪಾದ. ಇಳಿಬಿಟ್ಟ ಕಾಲಿನ ಹೆಬ್ಬೆರಳು ಮುಂದಕ್ಕೆ ಚೂಪಾಗಿ ನೆಟ್ಟಿತ್ತು. ಮೊಣಕೈ ಪಕ್ಕೆಗೆ ಒತ್ತಿಕೊಂಡಿತ್ತು. ಕಂಬಿ ಹಿಡಿದ ಮುಂಗೈಯ ನರ ಹಗ್ಗದ ಹಾಗೆ ಉಬ್ಬಿತ್ತು. ಹೆಂಗಸು ತಾನು ಹೆಂಗಸು ಎಂದು ತೋರಿಸುವುದಿಲ್ಲ, ತೋರಿಸಿದರೆ ಅದು ವೇಷ ಎಂದು ಅಪ್ಪ ಹೇಳುತ್ತಿದ್ದರು. ಅಪ್ಪನೇ ಗೋಡೆಯ ಮೇಲೆ ಕೂತ ಹಾಗಿತ್ತು. ನಾನು ಅಷ್ಟು ಜನರ ನಡುವೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಇವರನ್ನು ತೋಳು ಹಿಡಿದು ಎಳೆದುಕೊಂಡು ಬಂದೆ.

"ಇದು ಗಂಡಸು ಮಾರಾಯ್ರೇ."

"ಹೌದು," ಎಂದರು ಇವರು. "ಕಲೀಲಿಕ್ಕೆ ಬಂದವರೇ ಆಡಿದ ನಾಟಕದಲ್ಲಿ ಹೀರೋಯಿನ್ ಅಂತೆ. ಪಂಥ ಕಟ್ಟಿ ವೇಷದಲ್ಲೇ ವಿಮಾನ ಹತ್ತಿ ಕೂತದ್ದು. ದಾದು ಮೊದಲ ದಿನವೇ ಹೇಳಿದ್ರು."

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನೀನು ಚೌಕಿಯಲ್ಲಿ ಬೆಳೆದವಳು, ನಿನಗೆ ನೋಡಿದ ಕೂಡಲೇ ತಿಳಿದಿರುತ್ತದೆ ಎಂದುಕೊಂಡೆ ಎಂದರು. ಅದು ನಿಜವಾಗಿಯೂ ಆಶ್ಚರ್ಯಪಟ್ಟ ಮುಖ. ನನ್ನ ಹೊಟ್ಟೆಕಿಚ್ಚು ನನ್ನ ಕಣ್ಣು ಕಟ್ಟಿತ್ತು ಎಂದು ಇವರಿಗೆ ಹೇಗೆ ಹೇಳಲಿ? ಇಷ್ಟು ದಿನದ ಭಾರ ಇಳಿದು ಹಗುರಾಗಿದ್ದೆ, ಸುಮ್ಮನಿರಬಹುದಿತ್ತು. ಇರಲಿಲ್ಲ.

"ಹಾಗಾದ್ರೆ ನೀವು ಇಷ್ಟು ದಿನ ನೋಡ್ತಿದ್ದದ್ದು ಎಂತ?"

ಇವರು ಬೆರಳು ತೋರಿಸಿದರು. ಅವಳ ಭುಜದ ಹಿಂದೆ, ವಿಮಾನದ ಬೆನ್ನಿನಲ್ಲಿ, ಪೈಲಟ್ ಕೂರುವ ತೆರೆದ ಒಂದು ಕುಳಿ. ಅದರೊಳಗೆ ಚರ್ಮದ ಸೀಟು. ಖಾಲಿ.

ಆಮೇಲೆ ಘಾಟಿನ ಮೆಟ್ಟಿಲ ಮೇಲೆ ಕೂತು ಹೇಳಿದರು. ಬಿ.ಎಸ್ಸಿ. ಮುಗಿದಾಗ ವಿಮಾನ ಹಾರಿಸುವ ತರಬೇತಿಗೆ ಆಯ್ಕೆಯಾಗಿದ್ದರಂತೆ. ಅದೇ ಹೊತ್ತಿಗೆ ಬ್ಯಾಂಕಿನಿಂದಲೂ ಕರೆ ಬಂತು. ಆಕಾಶದಲ್ಲಿ ಇರುವವನಿಗೆ ಯಾರು ಹೆಣ್ಣು ಕೊಡುತ್ತಾರೆ ಎಂದರಂತೆ ನನ್ನ ಮಾವ. ಇವರು ಎದುರಾಡಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಇದೊಂದು ಮಾತು ನನಗೆ ಗೊತ್ತಿರಲಿಲ್ಲ.

"ಅಪ್ಪ ಹೇಳಿದ್ದು ಸರಿಯೇ," ಎಂದರು. "ನಿನ್ನಪ್ಪ ಕೊಡ್ತಿದ್ರಾ?"

"ಇಲ್ಲ," ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಇವರು ನಕ್ಕು ನದಿಯ ಕಡೆ ತಿರುಗಿದರು. ಸವತಿ ಹೆಣ್ಣಾಗಿದ್ದರೆ ಜಗಳ ಆಡಬಹುದಿತ್ತು, ಕಣ್ಣು ಮೆಳ್ಳೆ, ಬಣ್ಣ ಕಪ್ಪು ಎಂದು ಹೆಸರಿಡಬಹುದಿತ್ತು. ಖಾಲಿ ಸೀಟಿಗೆ ಏನೆಂದು ಹೆಸರಿಡಲಿ? ಅದರಲ್ಲಿ ಇವರು ಕೂತಿರಬಹುದಾಗಿದ್ದ ಬದುಕಿನಲ್ಲಿ ನಾನಿಲ್ಲ, ಮಗಳಿಲ್ಲ, ಉಪ್ಪಿಲ್ಲದ ಸಾರೂ ಇಲ್ಲ. ಆ ಬದುಕನ್ನು ಇವರು ಲಾಟೀನಿನ ಬೆಳಕಿನಲ್ಲಿ ಅಷ್ಟು ಪ್ರೀತಿಯಿಂದ ನೋಡುತ್ತಿದ್ದರು. ಮೊದಲಿನ ಹೊಟ್ಟೆಕಿಚ್ಚಿಗೆ ನಾನು ನಕ್ಕಿದ್ದೆ. ಇದಕ್ಕೆ ನಗು ಬರಲಿಲ್ಲ. ಯಾವುದು ಬೇಕಿತ್ತು ನಿಮಗೆ ಎಂದು ಕೇಳುವ ಧೈರ್ಯವೂ ಬರಲಿಲ್ಲ.

ಊರಿನ ಕಡೆಗೆ ವರ್ಗವಾದಾಗ ದಾದು ಆ ದೊಡ್ಡ ಫೋಟೋ ಕೊಡಲು ಬಂದರು. ಅಷ್ಟು ದೊಡ್ಡದು ಇಡಲು ನಮ್ಮಲ್ಲಿ ಗೋಡೆ ಇಲ್ಲ ಎಂದು ಇವರೇ ಬೇಡವೆಂದರು. ಬಡ್ತಿ ಸಿಕ್ಕಿದ್ದರಿಂದ ಆ ಸಲ ರೈಲಿನ ಬದಲು ವಿಮಾನ. ಮೂವರಿಗೂ ಅದೇ ಮೊದಲು. ದಮ್‌ದಮ್‌ನಲ್ಲಿ ಹತ್ತಿದ ಕೂಡಲೇ ಮಗಳು ನನ್ನ ತೊಡೆಗೆ ತಲೆ ಇಟ್ಟು ನಿದ್ದೆ ಹೋದಳು. ಕಿಟಕಿಯ ಜಾಗವನ್ನು ಇವರು ನನಗೆ ಬಿಟ್ಟುಕೊಟ್ಟಿದ್ದರು.

ವಿಮಾನ ಏರಿ ಓರೆಯಾದಾಗ ಕೆಳಗೆ ಗಂಗೆ ಕಂಡಿತು. ನಮ್ಮ ಘಾಟು ಎಲ್ಲೋ ಅಲ್ಲೇ ಇರಬೇಕು. ಗಂಗೆ ಕಾಣುತ್ತದೆ, ಬಗ್ಗಿ ನೋಡಿ ಎಂದೆ.

"ನೀನು ನೋಡು," ಎಂದರು.

ಇವರು ಕಿಟಕಿಯ ಕಡೆ ತಿರುಗಲೇ ಇಲ್ಲ. ಸಾಲು ಸಾಲು ತಲೆಗಳ ಆಚೆ, ಮುಂದೆ, ಪೈಲಟ್ ಕೂರುವ ಕೋಣೆಯ ಬಾಗಿಲು ಮುಚ್ಚಿತ್ತು. ಇಳಿಯುವವರೆಗೂ ಇವರು ಅದನ್ನೇ ನೋಡುತ್ತಾ ಕೂತರು. ನಾನೂ ಗಂಗೆಯನ್ನು ನೋಡಲಿಲ್ಲ. ಇವರನ್ನು ನೋಡುತ್ತಾ ಕೂತೆ.