ಸುಲ್ತಾನನ ಪ್ರವಾಸ ತಡೆದ ನನ್ನ ಒಂದು ಫೋನು

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಕತೆಯನ್ನು ನನಗಿಂತ ಚೆನ್ನಾಗಿ ಹೇಳುವವರು ಅಮೆರಿಕದ ಹರ್ನ್‌ಡನ್ನಿನಲ್ಲಿ ಈಗಲೂ ಇದ್ದಾರೆ, ಅವರು ಹೇಳುವಾಗ ನಾನು ಇನ್ನೂ ದೊಡ್ಡ ಪೆದ್ದನಾಗಿರುತ್ತೇನೆ. ಡರ್ಹಮ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಅಕ್ಕನಿಗೆ, ಅವರ ಮಾವನವರ ದನಿಯಲ್ಲಿ ಫೋನು ಮಾಡಿದವನು ನಾನು.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಶನಿವಾರ ಊಟ ಹಾಕುತ್ತಿದ್ದರು, ಅಷ್ಟು ಸಾಕಲ್ಲ. ಗಂಡನಿಗೆ ನನ್ನ ಹಾಗೆಯೇ ಹರ್ನ್‌ಡನ್ನಿನಲ್ಲಿ ಕಂಪ್ಯೂಟರ್ ಕೆಲಸ. ಅಕ್ಕ ವಾರವೆಲ್ಲ ಡರ್ಹಮ್‌ನಲ್ಲಿದ್ದು, ಶುಕ್ರವಾರ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬರುತ್ತಿದ್ದರು. ನನ್ನ ಘನಕಾರ್ಯ ಜನರನ್ನು ಅಣಕಿಸುವುದು. ಮ್ಯಾನೇಜರ್ ಎದುರು ನಾನೇ ಆಡುವ ಅಮೆರಿಕನ್ ಇಂಗ್ಲಿಷನ್ನೂ ಬಿಡದೆ ಅಣಕಿಸುತ್ತಿದ್ದೆ. ಜನ ಅದಕ್ಕೇ ಹೆಚ್ಚು ನಗುತ್ತಿದ್ದರು.

ಆ ವಸಂತಕ್ಕೆ ಅಕ್ಕನ ಮಾವ ಮೈಸೂರಿನಿಂದ ಬಂದರು. ಸರ್ಕಾರಿ ಅತಿಥಿಗೃಹದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಯಾವ ಗಣ್ಯರನ್ನು ಸ್ಟೇಷನ್ನಿಗೇ ಹೋಗಿ ಕರೆತರಬೇಕು, ಯಾರಿಗೆ ಮೆಟ್ಟಿಲ ಬಳಿ ನಿಂತರೆ ಸಾಕು, ಹಾರ ಯಾರಿಗೆ ಮೊದಲು, ಎಲ್ಲ ನಾಲಿಗೆಯ ತುದಿಯಲ್ಲಿ. ಎರಡು ಸಲ ಕೆಮ್ಮಿ, “ಪದ್ಧತಿ ಅಂತ ಒಂದಿದೆ” ಎಂದು ಶುರುಮಾಡದೆ ಅವರು ಉಪ್ಪನ್ನೂ ಕೇಳುತ್ತಿರಲಿಲ್ಲ.

ಮೊದಲ ಶನಿವಾರವೇ ಸೊಸೆಯ ಓದಿನ ವಿಷಯ ಬಂತು. ಅಕ್ಕ ಸಾರು ಬಡಿಸುತ್ತಲೇ ಹೇಳಿದರು: ತುರ್ಕಿಯ ಸುಲ್ತಾನನೊಬ್ಬ ಯೂರೋಪಿಗೆ ಹೋದ ಕತೆ. ಅದಕ್ಕೆ ಮುಂಚೆ ಸುಲ್ತಾನರು ಪರರ ನೆಲಕ್ಕೆ ಹೋಗುತ್ತಿದ್ದುದು ದಂಡೆತ್ತಿಕೊಂಡು; ಅತಿಥಿಯಾಗಿ ಹೊರಟವನು ಇವನೇ ಮೊದಲು. ಪರನೆಲ ತುಳಿಯಬಾರದೆಂದು ಬೂಟಿನೊಳಗೆ ತನ್ನೂರಿನ ಮಣ್ಣು ಹಾಕಿಕೊಂಡಿದ್ದನೆಂಬ ಸುದ್ದಿ ಬೇರೆ. ಅದಕ್ಕೆ ಆಧಾರವೇ ಇಲ್ಲವೆಂದು ಹೇಳುವುದಕ್ಕೆ ಅಕ್ಕ ಒಂದು ಅಧ್ಯಾಯವನ್ನೇ ಬರೆದಿದ್ದರು. ಇಂಗ್ಲೆಂಡಿನ ರಾಣಿ ಅವನಿಗೆ ‘ಸ್ಟಾರ್ ಆಫ್ ಇಂಡಿಯಾ’ ಕೊಟ್ಟು ಕಳಿಸೋಣ ಎಂದುಕೊಂಡಿದ್ದಳಂತೆ, ನಮ್ಮ ಮಹಾರಾಜರಿಗೆಲ್ಲ ಕೊಡುತ್ತಿದ್ದ ಪದಕ. ಅವನು ಅದು ಬೇಡ, ನಿಮ್ಮ ದೊಡ್ಡ ‘ಗಾರ್ಟರ್’ ಬಿರುದೇ ಆಗಬೇಕೆಂದು ಪಟ್ಟುಹಿಡಿದ. ಕಡೆಗೆ ಅಲೆಗೆ ತೂರಾಡುತ್ತಿದ್ದ ಹಡಗಿನ ಮೇಲೆ ಅದನ್ನೇ ಕೊಟ್ಟಳು.

ಮಾವ ಸಾರು ಕಲಸಿಕೊಳ್ಳುತ್ತ, “ಇಷ್ಟಕ್ಕೆ ಐದು ವರ್ಷ ಬೇಕೇನಮ್ಮಾ?” ಎಂದರು. ಅಕ್ಕ ಅವರಿಗೆ ಇನ್ನೊಂದು ಸೌಟು ಸಾರು ಬಡಿಸಿದರು. ನಾನು ಆ ಕೆಮ್ಮನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಳ್ಳುತ್ತಿದ್ದೆ.

ಒಂದು ಬುಧವಾರ ಆಫೀಸಿನಿಂದ ಡರ್ಹಮ್‌ಗೆ ಫೋನ್ ಮಾಡಿದೆ. ಆನ್ಸರಿಂಗ್ ಮಷೀನ್ ಎತ್ತಿಕೊಂಡಿತು. ಎರಡು ಸಲ ಕೆಮ್ಮಿ, ಸಾವಕಾಶವಾಗಿ ಹೇಳಿದೆ: “ಏನಮ್ಮಾ, ಪದ್ಧತಿ ಅಂತ ಒಂದಿದೆ. ಸುಲ್ತಾನ ತಿರುಗಿದ್ದು ಸಾಕು, ನೀನು ಓದಿದ್ದೂ ಸಾಕು. ಪುಸ್ತಕ ಕಟ್ಟಿಟ್ಟು ಮನೆಗೆ ಬಂದುಬಿಡು.” ಆಮೇಲೆ ನನ್ನ ದನಿಯಲ್ಲೇ, ಅಕ್ಕಾ ಇದು ನಾನು, ಹೆದರಿದ್ರಾ ಎಂದು ನಕ್ಕು ಇಟ್ಟೆ. ಕೆಮ್ಮಿಗೇ ಅಷ್ಟು ಹೊತ್ತು ತೆಗೆದುಕೊಂಡ ಕಲಾವಿದನ ಸ್ವಂತ ದನಿ ಬರುವಷ್ಟರಲ್ಲಿ ಆ ಮಷೀನಿನ ಟೈಮ್ ಮುಗಿದಿತ್ತೆಂದು ನನಗೇನು ಗೊತ್ತು?

ಶನಿವಾರ ಹೋದರೆ ಮೆಟ್ಟಿಲ ಕೆಳಗೆ ರಟ್ಟಿನ ಪೆಟ್ಟಿಗೆಗಳ ಸಾಲು. ಐದು ವರ್ಷದ ಟಿಪ್ಪಣಿ, ಜೆರಾಕ್ಸ್ ಪ್ರತಿ, ಸುಲ್ತಾನ, ರಾಣಿ, ಎಲ್ಲರೂ ಶೂಗಳ ಪಕ್ಕದಲ್ಲಿ. ಗಂಡ ನನ್ನನ್ನು ಅಡುಗೆಮನೆಗೆ ಎಳೆದು, “ಓದು ಬಿಡ್ತೀನಿ ಅಂತಿದಾಳೆ ಕಣೋ. ಇರೋದೇ ಒಂದು ಚಾಪ್ಟರ್, ಮುಂದಿನ ವಾರ ಸಬ್ಮಿಟ್ ಮಾಡ್ಬೇಕು. ಯಾಕೆ ಅಂದ್ರೆ ಬಾಯೇ ಬಿಡಲ್ಲ” ಎಂದ.

ಮಾವನ ಅಪ್ಪಣೆಗೆ ಏಕೆ ಎಂದು ಕೇಳುವುದು ಅಕ್ಕ ಬೆಳೆದ ಮನೆಯಲ್ಲಿ ಇರಲಿಲ್ಲ; ಅವರ ಮೇಲೆ ಗಂಡನ ಹತ್ತಿರ ದೂರು ಹೇಳುವುದಂತೂ ಇಲ್ಲವೇ ಇಲ್ಲ. ಮಾವನಿಗೋ, ಸೊಸೆ ತಾನಾಗಿ ಹೇಳದ್ದನ್ನು ಕೆದಕಬಾರದೆಂಬ ನಿಯಮ. ಹಿಂದಿನ ಸಂಜೆಯಿಂದ ಒಂದೇ ಸೂರಿನಡಿ ಎರಡು ಆಸ್ಥಾನ, ನಡುವೆ ರಾಯಭಾರಿಯಾಗಿ ಗಂಡ ಕಾಫಿ ಲೋಟ ಸಾಗಿಸುತ್ತಿದ್ದ. ನನಗೆ ನಗು ಬರಬೇಕಿತ್ತು. ಬರಲಿಲ್ಲ.

ಬಿಸಿಬೇಳೆಭಾತಿನ ಮುಂದೆ ಕೂತಾಗ ಹೇಳಿಬಿಟ್ಟೆ. ಫೋನು ಮಾಡಿದ್ದು ನಾನು ಎಂದರೆ ಅಕ್ಕ ನಂಬಲಿಲ್ಲ. ಮಾವನನ್ನು ಉಳಿಸಲು ನಾನು ಸುಳ್ಳು ಹೇಳುತ್ತಿದ್ದೇನೆಂದು ಅವರ ಎಣಿಕೆ. ಬೇರೆ ದಾರಿಯಿರಲಿಲ್ಲ. ಯಾರ ದನಿಯೋ ಅವರ ಎದುರಿಗೇ, ಎರಡು ಸಲ ಕೆಮ್ಮಿ, ಇಡೀ ಮಾತನ್ನು ಮತ್ತೆ ಆಡಿದೆ. ನನ್ನ ಜೀವಮಾನದಲ್ಲಿ ಒಬ್ಬರೂ ನಗದ ಪ್ರದರ್ಶನ ಅದೊಂದೇ.

ಅಕ್ಕ ನನ್ನನ್ನು ನೋಡಿದ ನೋಟ ಇಲ್ಲಿ ಬೇಡ. ಮಾವ ತಟ್ಟೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರು. ಆಮೇಲೆ ನನ್ನ ಕಡೆ ತಿರುಗದೆ ಸೊಸೆಯನ್ನೇ ಕೇಳಿದರು: “ಅಲ್ಲಮ್ಮಾ, ನಿನ್ನ ಸುಲ್ತಾನ ಹಡಗಿಳಿದಾಗ ಬಂದರಿಗೆ ಯಾರು ಬಂದಿದ್ರು? ರಾಣೀನೇ ಬಂದಿದ್ಲಾ?”

“ಇಲ್ಲ ಮಾವ. ಮಗನನ್ನ ಕಳಿಸಿದ್ಲು. ಅವಳು ಅರಮನೇಲಿ ಕಂಡಳು.”

“ಸರಿ. ಹಾಗೇ ಆಗ್ಬೇಕು.” ಅಲ್ಲಿಂದ ಶುರುವಾಯಿತು. ಗಾಡಿಯಲ್ಲಿ ಯಾರ ಪಕ್ಕ ಯಾರು, ಊಟಕ್ಕೆ ಕೂರಿಸಿದ್ದು ಹೇಗೆ, ಆ ಪದಕದ ಜಗಳದಲ್ಲಿ ಮೊದಲು ಸೋತವರು ಯಾರು. ಅಕ್ಕ ಎದ್ದು ಪೆಟ್ಟಿಗೆಯಿಂದ ಕಾಗದ ತಂದರು. ಮಾವ ಎಡಗೈಯಲ್ಲಿ ಕನ್ನಡಕ ಏರಿಸಿಕೊಂಡರು. ಭಾತು ಆರಿತು. ಕಡೆಗೆ ಅವರು, ಈ ಪೆಟ್ಟಿಗೆಗಳು ನಾಳೆ ಬೆಳಿಗ್ಗೆಯೇ ಡರ್ಹಮ್‌ಗೆ ಹೋಗಬೇಕು, ಹೊರುವವನು ಈ ಮಹಾನುಭಾವ ಎಂದು ನನ್ನನ್ನು ತೋರಿಸಿದರು.

ನಾನು ಕ್ಷಮೆ ಕೇಳಿ ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೂ ಕಲಾವಿದನ ಚಪಲ; ಅಂಕಲ್, ದನಿ ಮಾತ್ರ ಸರಿಯಾಗಿತ್ತು ಅಲ್ವಾ ಎಂದೆ.

“ದನಿ ನಂದೇ ಕಣಯ್ಯ, ಒಪ್ಪಿದೆ. ಆದ್ರೆ ಇವಳಿಗೆ ಓದು ಬಿಟ್ಟು ಬಾ ಅನ್ನೋ ಧೈರ್ಯ ನನಗೇ ಇಲ್ಲ, ನಿನಗೆಲ್ಲಿಂದ ಬಂತು?”