ಮಾವನ ನೋವು ಇಳಿದಾಗ ನಾನು ನಡುಗಿದೆ

೧೯೭೯ರ ಬೇಸಿಗೆಯಲ್ಲಿ ನಡೆದದ್ದು ಇದು. ತಿಪಟೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಮುಂದೇನು ಎಂದು ಗೊತ್ತಿಲ್ಲದೆ ಮನೆಯಲ್ಲಿದ್ದೆ. ಅದೇ ಸಮಯಕ್ಕೆ ವೈದ್ಯಕೀಯ ಕಾಲೇಜೊಂದರ ತಂಡ ನಮ್ಮ ಸೀಮೆಗೆ ಬಂತು. ಹಳ್ಳಿಯ ಜನಕ್ಕೆ ಹೊಟ್ಟೆಹುಣ್ಣು ಏಕೆ ಬರುತ್ತದೆ, ಯಾರಿಗೆ ಔಷಧಿ ಸಾಕು, ಯಾರಿಗೆ ಆಪರೇಷನ್ ಬೇಕು ಎಂದು ತಿಳಿಯುವುದು ಅವರ ಸಂಶೋಧನೆ. ಅಡುಗೆಮನೆಯವರೆಗೆ ಹೋಗಿ ಹೆಂಗಸರನ್ನು ಮಾತಾಡಿಸಲು ಈ ಕಡೆಯ ಹುಡುಗಿಯೊಬ್ಬಳು ಬೇಕಿತ್ತು. ನಾನು ಸೇರಿಕೊಂಡೆ.

ಕೆಲಸ ಸುಲಭದ್ದು. ಮನೆಮನೆಗೆ ಹೋಗಿ, ಯಾವ ಹೊತ್ತಿನಲ್ಲಿ ನೋವು ಬರುತ್ತದೆ, ತಿಂದರೆ ಕಡಿಮೆಯಾಗುತ್ತದೆಯೋ ಹೆಚ್ಚಾಗುತ್ತದೆಯೋ, ಖಾರ ಎಷ್ಟು, ಹೊಗೆಸೊಪ್ಪು ಉಂಟೋ ಎಂದು ಕೇಳಬೇಕು. ಹುಣ್ಣಿನ ಅನುಮಾನ ಇದ್ದವರನ್ನು ತಿಪಟೂರಿನ ಆಸ್ಪತ್ರೆಗೆ ಕಳಿಸಬೇಕು. ಅಲ್ಲಿ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮೂಗಿನಿಂದ ಸಣ್ಣ ನಳಿಕೆ ಇಳಿಸಿ ಹೊಟ್ಟೆಯ ರಸ ತೆಗೆದು ಪರೀಕ್ಷೆ ಮಾಡುತ್ತಿದ್ದರು.

ತಂಡದ ಮುಖ್ಯಸ್ಥರು ಒಬ್ಬ ಸರ್ಜನ್. ಮಾತು ಚುರುಕು, ಸಿಟ್ಟು ಇನ್ನೂ ಚುರುಕು. ನಮ್ಮನ್ನು ಹಳ್ಳಿಗಳಿಗೆ ಕಳಿಸುವ ಮೊದಲೇ ಅವರು ಒಂದು ಪಾಠ ಹೇಳಿದ್ದರು.

“ಹುಣ್ಣು ಒಳಗೊಳಗೇ ಕೊರೆದು ಒಂದು ದಿನ ಕರುಳಿಗೆ ತೂತು ಬೀಳಬಹುದು. ಆಗ ಹೊಟ್ಟೆ ಹಲಗೆ ಥರ ಗಟ್ಟಿಯಾಗುತ್ತೆ. ಆಮೇಲೆ ಬಾಯಿಗೆ ಏನು ಹಾಕಿದರೂ ಆ ತೂತಿನಿಂದ ಹೊಟ್ಟೆಯ ಒಳಗೆಲ್ಲ ಸುರಿಯುತ್ತೆ. ನೀರು ಕೂಡ ಕೊಡಬೇಡಿ, ಸೀದಾ ಕರ್ಕೊಂಡು ಬನ್ನಿ. ಇನ್ನೊಂದು ವಿಷಯ. ಒಂದೆರಡು ಗಂಟೆ ಕಳೆದ ಮೇಲೆ ನೋವು ತಾನಾಗಿ ಇಳಿಯಬಹುದು. ವಾಸಿಯಾಯ್ತು ಅಂತ ಮನೆಗೆ ವಾಪಸ್ಸು ಕರ್ಕೊಂಡು ಹೋಗ್ತಾರೆ. ಆಮೇಲೆ ನಮ್ಮ ಕೈಲಿ ಏನೂ ಇರೋದಿಲ್ಲ.”

ಮಾಯಸಂದ್ರದ ಹತ್ತಿರ ನನ್ನ ಅಜ್ಜಿಯ ಊರು. ಆ ಭಾಗದ ಮನೆಗಳನ್ನು ನೋಡುವಾಗ ಅಲ್ಲೇ ಉಳಿದುಕೊಂಡಿದ್ದೆ. ಅಜ್ಜಿಯ ಜೊತೆ ನನ್ನ ಇಬ್ಬರು ಸೋದರಮಾವಂದಿರು ಇದ್ದರು. ದೊಡ್ಡಮಾವ ಕೊಬ್ಬರಿ ವ್ಯಾಪಾರ ನೋಡುತ್ತಿದ್ದ. ಚಿಕ್ಕಮಾವ ತೋಟ ನೋಡುತ್ತಿದ್ದ. ಚಿಕ್ಕಮಾವನಿಗೆ ವರ್ಷಗಳಿಂದ ಹೊಟ್ಟೆನೋವು. ಬೆಳಗಿನ ಜಾವ ನೋವು ಶುರುವಾದರೆ ಎದ್ದು ಒಂದು ಚೂರು ಕೊಬ್ಬರಿ, ಒಂದು ಚೂರು ಬೆಲ್ಲ ಅಗಿದು ಮತ್ತೆ ಮಲಗುತ್ತಿದ್ದ. ಅಂಗಿಯ ಜೇಬಿನಲ್ಲಿ ಯಾವಾಗಲೂ ಕೊಬ್ಬರಿ ಚೂರು. ನಾನು ಊರಿನವರಿಗೆಲ್ಲ ಕೇಳಿದ ಪ್ರಶ್ನೆಗಳನ್ನು ಅವನಿಗೂ ಕೇಳಿದ್ದೆ. ಎಲ್ಲ ಉತ್ತರಗಳೂ ಹುಣ್ಣನ್ನೇ ತೋರಿಸುತ್ತಿದ್ದವು.

“ಒಂದ್ಸಲ ಬಂದು ಪರೀಕ್ಷೆ ಮಾಡಿಸ್ಕೋ ಮಾವ” ಅಂದರೆ, “ಆ ಪೈಪು ಮೂಗಿಗೆ ಬುಡಿಸ್ಕೊಳಕೆ ನಾನೇನು ಪಂಪ್‌ಸೆಟ್ಟೇನವ್ವ? ನನ್ನ ಹೊಟ್ಟೆ ನನ್ನ ಹತ್ರಾನೇ ಇರ್ಲಿ ಬುಡು” ಎಂದು ನಕ್ಕುಬಿಡುತ್ತಿದ್ದ.

ಒಂದು ಬೆಳಗ್ಗೆ ಮನೆಯ ಮುಂದೆ ಲಾರಿ ನಿಂತಿತ್ತು. ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಮೂಟೆ ಹೇರುತ್ತಿದ್ದರು. ಇನ್ನೊಂದು ಕಡೆ ಅಟ್ಟದಿಂದ ಇಳಿಸಿದ ಕಾಯಿಗಳ ರಾಶಿ. ಚಿಕ್ಕಮಾವ ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ಸಿಪ್ಪೆ ಬಿಡಿಸುತ್ತಿದ್ದ. ಕುಕ್ಕುವ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಸದ್ದು ನಿಂತಿತು. ತಿರುಗಿ ನೋಡಿದರೆ ಮಾವ ಸಿಪ್ಪೆಯ ರಾಶಿಯ ಮೇಲೆ ಮೊಣಕಾಲು ಎದೆಗೆ ಸೇರಿಸಿಕೊಂಡು ಬಿದ್ದಿದ್ದ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಹಣೆಯಿಂದ ಬೆವರು ಇಳಿಯುತ್ತಿತ್ತು. ಕೂಗಲಿಲ್ಲ. ಉಸಿರು ಎಳೆದುಕೊಳ್ಳಲೂ ಅಂಜುವವನಂತೆ ಅಲುಗಾಡದೆ ಇದ್ದ.

ಅಜ್ಜಿ ಓಡಿಬಂದಳು. “ಬಟ್ಟಿ ಬಿದ್ದೈತೆ ಕಣ್ಲಾ. ಬಗ್ಗಿ ಬಗ್ಗಿ ಕಾಯಿ ಕುಕ್ಕಿ ಬಟ್ಟಿ ಜಾರೈತೆ. ಎಣ್ಣೆ ತತ್ತಾರ್ರೋ, ಹೊಟ್ಟೆ ನೀವಬೇಕು.”

ಕಾಯಿ ಸುಲಿಯುವವರಿಗೆ, ಮೂಟೆ ಹೊರುವವರಿಗೆ ಹೊಕ್ಕುಳಿನ ಸುತ್ತ ನೋವು ಬಂದರೆ ನಮ್ಮ ಕಡೆ ಬಟ್ಟಿ ಬಿತ್ತು ಎನ್ನುತ್ತಾರೆ. ಎಣ್ಣೆ ಹಚ್ಚಿ ಬಲವಾಗಿ ನೀವಿ ಅದನ್ನು ಸರಿಪಡಿಸುವವರೂ ಊರೂರಲ್ಲಿ ಇರುತ್ತಾರೆ. ಬಹಳ ಸಲ ನೋವು ಹೋಗುವುದೂ ಉಂಟು. ಆದ್ದರಿಂದ ಅಜ್ಜಿಯ ಮಾತನ್ನು ಯಾರೂ ಅನುಮಾನಿಸಲಿಲ್ಲ. ಒಬ್ಬರು ಎಣ್ಣೆಗೆ ಓಡಿದರು. ಇನ್ನೊಬ್ಬರು ಎಳನೀರು ಕೀಳಲು ಹೊರಟರು.

ನಾನು ಮಾವನ ಪಕ್ಕ ಕುಳಿತು ಹೊಟ್ಟೆಯ ಮೇಲೆ ಕೈ ಇಟ್ಟೆ. ಅದು ಹೊಟ್ಟೆ ಮುಟ್ಟಿದ ಹಾಗಿರಲಿಲ್ಲ. ಬಾಗಿಲ ಮೇಲೆ ಕೈ ಇಟ್ಟ ಹಾಗಿತ್ತು. ಸರ್ಜನ್ ಹೇಳಿದ ಪಾಠ ಅಕ್ಷರ ಬಿಡದೆ ನೆನಪಿಗೆ ಬಂತು.

“ಯಾರೂ ನೀವಬೇಡಿ. ಏನೂ ಕುಡಿಸಬೇಡಿ. ಮಾವನ ಕರುಳು ತೂತಾಗಿದೆ. ಈಗಲೇ ತಿಪಟೂರಿಗೆ ಹೊರಡಬೇಕು” ಅಂದೆ.

ದೊಡ್ಡಮಾವ ನನ್ನ ಮುಖ ನೋಡಿದ. “ಕಣ್ಣಲ್ಲಿ ಕಂಡಂಗೆ ಹೇಳ್ತೀಯಲ್ಲವ್ವ.”

“ಕೈಗೆ ಗೊತ್ತಾಗ್ತಿದೆ.”

ಅವನು ಹೆಚ್ಚು ಮಾತಾಡುವವನಲ್ಲ. ಲಾರಿಯ ಡ್ರೈವರ್ ಬಾಷಾನಿಗೆ, “ಹೇರಿದ್ದು ಸಾಕು, ಹೊರಡಪ್ಪ” ಅಂದ. ಮೂಟೆಗಳ ಮೇಲೆ ಜಮಖಾನ ಹಾಸಿ ಮಾವನನ್ನು ಮಲಗಿಸಿದೆವು. ನಾನು, ಅಜ್ಜಿ, ದೊಡ್ಡಮಾವ ಅವನ ಸುತ್ತ ಕುಳಿತೆವು. ಚಿಕ್ಕಮಾವನ ಹೆಂಡತಿ, ನನ್ನ ಅತ್ತೆ, ತುಂಬಿದ ಬಸುರಿ. ಬಾಗಿಲಲ್ಲಿ ಕಂಬ ಹಿಡಿದು ನಿಂತಿದ್ದಳು. ಲಾರಿ ತಿರುವು ದಾಟುವವರೆಗೂ ಅಲ್ಲೇ ನಿಂತಿದ್ದಳು.

ಎಳನೀರು ಕುಡಿಸದೆ ಒಬ್ಬ ರೋಗಿಯನ್ನು ನಮ್ಮ ಸೀಮೆಯಲ್ಲಿ ಕರೆದುಕೊಂಡು ಹೋಗುವುದು ಎಷ್ಟು ಕಷ್ಟ ಎಂಬುದು ದಾರಿಯಲ್ಲಿ ತಿಳಿಯಿತು. ಜ್ವರವಾಗಲಿ, ಭೇದಿಯಾಗಲಿ, ನಮ್ಮವರು ಮೊದಲು ಕೊಡುವುದು ಅದನ್ನೇ. ಮಾಯಸಂದ್ರದಲ್ಲಿ ಲಾರಿ ನಿಧಾನವಾದಾಗ ಗುರುತಿನ ಅಂಗಡಿಯವರು ಕೆತ್ತಿದ ಎಳನೀರು ಹಿಡಿದು ಓಡಿಬಂದರು. ಬೇಡ ಅಂದೆ. ತುರುವೇಕೆರೆಯಲ್ಲಿ ನಮ್ಮ ನೆಂಟರೊಬ್ಬರು ಚಕ್ರದ ಮೇಲೆ ಹತ್ತಿ ಎರಡು ಎಳನೀರು ಮೇಲಕ್ಕೆ ಕೊಟ್ಟರು. ಮತ್ತೆ ಬೇಡ ಅಂದೆ.

“ಎಳ್ನೀರು ಏನ್ಮಾಡ್ತದವ್ವ? ಹಸುಗೂಸಿಗೂ ಕೊಡ್ತಾರೆ” ಅಂದರು ಅವರು.

“ಯಾರೂ ಮಾತಾಡ್ಬೇಡಿ ಕಣ್ರಪ್ಪ, ಇವಳು ದೊಡ್ಡ ಡಾಕ್ಟ್ರು” ಎಂದು ಅಜ್ಜಿ ಕುಟುಕಿದಳು. ಬಿಸಿಲು ಏರುತ್ತಿತ್ತು. ಮಾವನ ತುಟಿ ಒಣಗಿ ಬಿಳಿಯಾಗಿತ್ತು. ಒದ್ದೆ ಬಟ್ಟೆಯಿಂದ ತುಟಿ ಒರೆಸುವುದಷ್ಟೇ ನನಗೆ ಸಾಧ್ಯವಿತ್ತು. ಅವನು ಬಟ್ಟೆಯನ್ನೇ ಚೀಪಲು ನೋಡುತ್ತಿದ್ದ.

ತುರುವೇಕೆರೆ ಬಿಟ್ಟು ಸ್ವಲ್ಪ ದೂರ ಹೋಗಿದ್ದೆವು. ಮಾವ ಕಣ್ಣು ಬಿಟ್ಟು, “ಅಣ್ಣಾ, ನೋವು ಇಳೀತು ಕಣೋ” ಅಂದ.

ನಾವು ಮೂವರೂ ಅವನ ಮುಖ ನೋಡಿದೆವು. ನಿಜವಾಗಿಯೂ ಇಳಿದಿತ್ತು. ಹಣೆಯ ಗಂಟು ಬಿಟ್ಟಿತ್ತು. ಮುಖಕ್ಕೆ ಬಣ್ಣ ಬಂದಿತ್ತು. ಕಾಲನ್ನು ಸ್ವಲ್ಪ ಚಾಚಿದ. “ಒಳಗೆ ಬಿಗಿ ಐತೆ, ಚುಚ್ಚೋದು ಹೋಯ್ತು. ಲಾರಿ ನಿಲ್ಸು. ವಸಿ ಎಳ್ನೀರು ಕುಡಿದು ಮನೆಗೋಗಾನ. ಸುಮ್ಕೆ ಆಸ್ಪತ್ರೆ ಯಾಕೆ?”

ಅಜ್ಜಿ ಎರಡೂ ಕೈ ಎತ್ತಿ ಶಿವನಿಗೆ ಮುಗಿದಳು. ದೊಡ್ಡಮಾವ ಕ್ಯಾಬಿನ್ ಬಡಿದು ಲಾರಿ ನಿಲ್ಲಿಸಿದ. ಪಕ್ಕದಲ್ಲೇ ತೋಟ. ತೋಟದವನನ್ನು ಕೇಳಿ ಬಾಷಾನೇ ಒಂದು ಎಳನೀರು ಕೆತ್ತಿಸಿಕೊಂಡು ಬಂದ. ಅವನ ಮುಖದಲ್ಲೂ ಸಮಾಧಾನ. “ತಗೊಳ್ಳಿ ಅಜ್ಜೀ, ಗಂಜಿ ಇಲ್ದೇ ಇರೋದು, ಬರೀ ನೀರು” ಅಂದ.

ಆ ಒಂದು ಗಳಿಗೆ ನನಗೂ ಸಂತೋಷವಾಯಿತು. ನೋವು ನಿಂತ ಮನುಷ್ಯನ ಮುಖವನ್ನು ಎದುರಿಗೆ ಕಂಡಾಗ ಪಾಠ ನಂಬುವುದೋ ಮುಖ ನಂಬುವುದೋ? ಆದರೆ ಪಾಠದಲ್ಲಿ ಇದೂ ಇತ್ತು. ಸರ್ಜನ್ ಹೇಳಿದ್ದ ಆ ಸುಳ್ಳು ವಾಸಿ ಇದೇ ಎಂದು ಹೊಳೆದ ಕೂಡಲೇ ನನ್ನ ಕೈಕಾಲು ನಡುಗತೊಡಗಿತು. ಅಷ್ಟು ಹೊತ್ತಿನ ನರಳಾಟದಲ್ಲಿ ನಾನು ಹಾಗೆ ನಡುಗಿರಲಿಲ್ಲ.

ಅಜ್ಜಿ ಎಳನೀರನ್ನು ಮಾವನ ತುಟಿಗೆ ಹಿಡಿದಳು. ನಾನು ಅದನ್ನು ಕಿತ್ತುಕೊಂಡು ಲಾರಿಯಿಂದ ಹೊರಕ್ಕೆ ಎಸೆದೆ.

ಅಜ್ಜಿ ನನ್ನ ಕೆನ್ನೆಗೆ ಹೊಡೆದಳು. ಹುಟ್ಟಿದಂದಿನಿಂದ ಒಮ್ಮೆಯೂ ಹೊಡೆದವಳಲ್ಲ. “ಬಾಯಾರಿದ ಮಗನ ಬಾಯಿಂದ ಕಿತ್ಕೊಂಡೆಯಲ್ಲೇ. ಇದನ್ನೇ ಏನೇ ಕಾಲೇಜಲ್ಲಿ ಕಲಿಸಿದ್ದು?”

ಮಾವ ಕತ್ತು ತಿರುಗಿಸಿದ. ಬಿದ್ದ ಎಳನೀರಿನ ಕಡೆಗೇ ನೋಡುತ್ತಿದ್ದ.

ವಾದ ಮಾಡಿದರೆ ಗೆಲ್ಲುವುದಿಲ್ಲ ಎಂದು ನನಗೆ ಗೊತ್ತಿತ್ತು. ದೊಡ್ಡಮಾವನ ಕೈ ಹಿಡಿದು ಎಳೆದು ಚಿಕ್ಕಮಾವನ ಹೊಟ್ಟೆಯ ಮೇಲೆ ಇಟ್ಟೆ. “ಒತ್ತಿ ನೋಡು ಮಾವ. ಈಗ ನಿನ್ನ ಹೊಟ್ಟೆ ಒತ್ತಿ ನೋಡ್ಕೋ. ನೋವು ಹೋಗಿದ್ರೆ ಇದು ಯಾಕೆ ಹೀಗಿದೆ ಹೇಳು. ನೀನು ಹೇಳಿದ್ರೆ ನಾನೇ ಎಳನೀರು ಕುಡಿಸ್ತೀನಿ.”

ದೊಡ್ಡಮಾವ ಒತ್ತಿದ. ಕೈ ಒಳಕ್ಕೆ ಹೋಗಲಿಲ್ಲ. ಜಾಗ ಬದಲಿಸಿ ಒತ್ತಿದ. ಆಮೇಲೆ ಅಂಗಿ ಎತ್ತಿ ತನ್ನ ಹೊಟ್ಟೆಯನ್ನು ಒತ್ತಿಕೊಂಡ. ಅಜ್ಜಿಯ ಕೈಯನ್ನೂ ತೆಗೆದುಕೊಂಡು ತಮ್ಮನ ಹೊಟ್ಟೆಯ ಮೇಲಿಟ್ಟ. ಅಜ್ಜಿ ಮಗನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕುಳಿತಳು. ಅವಳ ಮುಖ ಬದಲಾಗುತ್ತಾ ಹೋಯಿತು.

“ಅವ್ವಾ, ಒಂದೇ ಗುಟುಕು” ಅಂದ ಚಿಕ್ಕಮಾವ.

“ಇಲ್ಲ ಕಣಪ್ಪ” ಅಂದಳು ಅಜ್ಜಿ.

ದೊಡ್ಡಮಾವ ಕೂಗಿ ಹೇಳಿದ: “ಬಾಷಾ, ನಡಿಯಪ್ಪ. ಇನ್ನೆಲ್ಲೂ ನಿಲ್ಲಿಸ್ಬ್ಯಾಡ.”

ಅಂದು ಸರ್ಜನ್ ತಿಪಟೂರಿಗೆ ಬರುವ ದಿನವಾಗಿದ್ದದ್ದು ನಮ್ಮ ಅದೃಷ್ಟ. ಅವರು ಹೊಟ್ಟೆ ಮುಟ್ಟಿದರು, ಬಲಗಡೆ ಪಕ್ಕೆಲುಬಿನ ಮೇಲೆ ಬೆರಳಿನಿಂದ ತಟ್ಟಿ ಸದ್ದು ಆಲಿಸಿದರು, ಮಾವನನ್ನು ಆನಿಸಿ ಕೂರಿಸಿ ಎಕ್ಸ್‌ರೇ ತೆಗೆಸಿದರು. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನನ್ನನ್ನು ಕರೆದರು. ಯಕೃತ್ತಿನ ಮೇಲ್ಗಡೆ ಕುಡುಗೋಲಿನ ಆಕಾರದಲ್ಲಿ ಕಪ್ಪು ಗೆರೆ ಇತ್ತು. ಕರುಳಿನ ತೂತಿನಿಂದ ಹೊರಬಂದ ಗಾಳಿ ಅದು.

“ಬಾಯಿಗೆ ಏನಾದರೂ ಕೊಟ್ಟಿರಾ?”

ನಾನು ಬಾಯಿ ಬಿಡುವ ಮೊದಲೇ ಅಜ್ಜಿ ಹೇಳಿದಳು: “ಕೊಡಕ್ಕೆ ನಿಮ್ಮುಡುಗಿ ಬುಡ್ಲಿಲ್ಲ ಸ್ವಾಮಿ.”

ಅವರು ನನ್ನ ಕೆನ್ನೆಯ ಕಡೆ ಒಮ್ಮೆ ನೋಡಿದರು. ಸೀದಾ ಆಪರೇಷನ್ ಕೋಣೆಗೆ ಹೋದರು.

ಹೊರಗೆ ಬಂದಾಗ ಅವರ ಅಂಗಿ ಬೆವರಿನಿಂದ ನೆನೆದಿತ್ತು. ಜಠರ ಮುಗಿದು ಸಣ್ಣಕರುಳು ಶುರುವಾಗುವ ಕಡೆ ತೊಗರಿಬೇಳೆಯಷ್ಟು ತೂತು ಇತ್ತಂತೆ. ಕರುಳನ್ನು ಹೊದಿಕೆಯ ಹಾಗೆ ಮುಚ್ಚಿಕೊಂಡಿರುವ ಕೊಬ್ಬಿನ ಪದರವೊಂದಿದೆ. ಅದರ ಅಂಚನ್ನೇ ಎಳೆದು ತೂತಿಗೆ ಮುಚ್ಚಿ ಹೊಲಿದು, ಹೊಟ್ಟೆಯ ಒಳಗೆಲ್ಲ ಉಪ್ಪುನೀರಿನಿಂದ ತೊಳೆದಿದ್ದರು.

“ಒಳಗೆ ಇನ್ನೂ ಹೆಚ್ಚು ಕೊಳಕಾಗಿರಲಿಲ್ಲ. ಬದುಕ್ತಾನೆ” ಅಂದರು.

“ಎಳನೀರು ಕುಡಿದು ವಾಪಸ್ಸು ಹೋಗಿದ್ದರೆ ಸಾರ್?”

“ನಾಳೆ ಬರ್ತಿದ್ರಿ. ನಾನು ನಿಮ್ಮನ್ನ ವಾಪಸ್ಸು ಕಳಿಸ್ತಿದ್ದೆ” ಎಂದರು.

ಮರುದಿನ ಮಾವನಿಗೆ ಪೂರ್ತಿ ಎಚ್ಚರವಾದಾಗ ಅವನ ಮೂಗಿನಲ್ಲಿ ನಳಿಕೆ ಇತ್ತು. ನನ್ನನ್ನು ನೋಡಿ ಸಣ್ಣ ದನಿಯಲ್ಲಿ, “ಕೊನೆಗೂ ಪೈಪು ಬುಟ್ಟೇ ಬುಟ್ರಲ್ಲವ್ವ” ಅಂದ. ಅಜ್ಜಿ ಮಾತ್ರ ಎರಡು ಮೂರು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಒಂದು ಸಂಜೆ ವಾರ್ಡಿನ ಹೊರಗಿನ ಕಟ್ಟೆಯ ಮೇಲೆ ನನ್ನ ಪಕ್ಕ ಬಂದು ಕುಳಿತಳು. ಹೊಡೆದ ಕೆನ್ನೆಯನ್ನು ಅಂಗೈಯಿಂದ ಸವರಿದಳು. “ಅದು ಅಷ್ಟು ಗಟ್ಟಿ ಇರ್ತದೆ ಅಂತ ನಂಗೆ ಹೆಂಗ್ ಗೊತ್ತಾಗ್ಬೇಕು ಹೇಳು” ಅಂದಳು. ಅತ್ತೆಗೆ ಹೆರಿಗೆಯಾಗುವ ಹೊತ್ತಿಗೆ ಮಾವ ತೋಟಕ್ಕೆ ಹೋಗುವಷ್ಟು ಚೇತರಿಸಿಕೊಂಡಿದ್ದ. ಮುಂದೆ ಅವನೇ ಹೊಟ್ಟೆನೋವಿನವರನ್ನು ಆ ಸಂಶೋಧನೆಯವರ ಬಳಿ ಕಳಿಸತೊಡಗಿದ.

ಜನ ಆ ದಿನದ ನನ್ನ ಧೈರ್ಯದ ಬಗ್ಗೆ ಮಾತಾಡುತ್ತಾರೆ. ನನಗೆ ನೆನಪಿರುವುದು ಬೇರೆ. ಯಾರೋ ವೈದ್ಯರು ಎಷ್ಟೋ ರೋಗಿಗಳನ್ನು ಗಮನವಿಟ್ಟು ನೋಡಿ, ನೋವು ಇಳಿಯುವುದೂ ರೋಗದ ಒಂದು ಹೆಜ್ಜೆ ಎಂದು ಕಂಡುಕೊಂಡಿದ್ದರು. ಆ ತಿಳಿವಳಿಕೆ ಕೈಯಿಂದ ಕೈಗೆ ದಾಟಿ ಕೊಬ್ಬರಿ ಲಾರಿಯ ಮೇಲೆ ಕುಳಿತಿದ್ದ ನನ್ನವರೆಗೆ ಬಂದಿತ್ತು. ಅದು ಬಾರದೇ ಇದ್ದಿದ್ದರೆ ಆ ಎಳನೀರನ್ನು ನಾನೇ ಪ್ರೀತಿಯಿಂದ ಕುಡಿಸುತ್ತಿದ್ದೆ.

ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹೊಟ್ಟೆನೋವು ಎಂದು ಮಕ್ಕಳು ಬಂದರೆ ಬೆಂಚಿನ ಮೇಲೆ ಮಲಗಿಸಿ ಹೊಟ್ಟೆಯ ಮೇಲೆ ಕೈ ಇಡುತ್ತೇನೆ. ಕೈ ಮೆತ್ತಗೆ ಒಳಕ್ಕೆ ಹೋಗುವವರೆಗೂ ನಾನು ಉಸಿರು ಬಿಡುವುದಿಲ್ಲ.